ಬಂದವರ ಲೆಕ್ಕ ಇದೆ, ಇರೋರದ್ದು ಕೇಳಬೇಡಿ

ಹಳೇ ಲಿನಕ್ಸ್ ಸರ್ವರೊಂದರಲ್ಲಿ ಪರ್ಲ್ ಭಾಷೆಗೆ ಯಾವ ಯಾವ ಮಾಡ್ಯೂಲ್ ಹಾಕಿದ್ದಾರೆಂದು ತಿಳಿಯಬೇಕಿತ್ತು. ‘ಪರ್ಲ್‌ಡಾಕ್ ಪರ್ಲ್‌ಲೋಕಲ್’ ಎಂದು ಟೈಪ್ ಮಾಡಿ ಎಂದರು ಬಲ್ಲವರು. ತೆರೆದುಕೊಂಡ ಕಡತದ ಹೆಸರು ಪರ್ಲ್‌ಲೋಕಲ್ ಡಾಟ್ ಪಾಡ್. ಪುಣ್ಯಕ್ಕೆ ಮಾತಿಗೂ ಸಿಕ್ಕಿತು.

ನಮಸ್ಕಾರ ಸಾರ್. ಇಲ್ಲಿರೋ ಮಾಡ್ಯೂಲ್‌ಗಳ ಪಟ್ಟಿ ಬೇಕಿತ್ತು.

ಇರೋರ ಪಟ್ಟಿ ನನ್ನ ಹತ್ರ ಎಲ್ಲಿದೆ ಸ್ವಾಮಿ? ಬಂದವರ ಪಟ್ಟಿ ಇದೆ. ಯಾರಾದ್ರೂ ‘ಮೇಕ್ ಇನ್‌ಸ್ಟಾಲ್’ ಕೊಟ್ರೆ ತಾರೀಖು, ಹೆಸರು, ಇಳಿದ ಜಾಗ, ವರ್ಷನ್ ನಂಬರು ಎಲ್ಲಾ ಬರ್ಕೋತೀನಿ.

ಡಿಬಿಐ ಅನ್ನೋ ಮಾಡ್ಯೂಲ್ ಹೆಸರು ಮೂರು ಸಲ ಇದೆಯಲ್ಲ?

ಮೂರು ಸಲ ಹೊಸದು ಹಾಕಿದಾರೆ, ಮೂರು ಸಲ ಬರೆದಿದೀನಿ. ಹಳೇ ಸಾಲು ಹೊಡೆದುಹಾಕೋ ಪದ್ಧತಿ ನಮ್ಮಲ್ಲಿಲ್ಲ.

ಮಾಡ್ಯೂಲಿನ ಫೈಲನ್ನೇ ಅಳಿಸಿಬಿಟ್ರೆ?

ಮರಣ ನೋಂದಣಿ ನಮ್ಮ ವಿಭಾಗಕ್ಕೆ ಬರಲ್ಲ.

ಡೆಬಿಯನ್‌ನ ‘ಆಪ್ಟ್’ ಮೂಲಕ ಬಂದವರೂ ಕಾಣಿಸ್ತಿಲ್ಲ.

ಆ ಮಾತು ಎತ್ತಬೇಡಿ. ಪ್ಯಾಕೇಜ್ ಕಟ್ಟುವಾಗಲೇ ನನ್ನ ಹಾಳೆ ಕಿತ್ತು ಬಿಸಾಕ್ತಾರೆ. ಎರಡು ಪ್ಯಾಕೇಜು ಒಂದೇ ಫೈಲ್ ಹೊತ್ತು ತಂದ್ರೆ ಜಗಳವಂತೆ. ಅವರ ಲೆಕ್ಕ ಡೆಬಿಯನ್‌ನ ಪ್ಯಾಕೇಜ್ ಗುಮಾಸ್ತ ‘ಡಿಪಿಕೆಜಿ’ ಹತ್ರ ಕೇಳ್ಕೊಳ್ಳಿ. ಪರ್ಲ್ ಜೊತೇಲೇ ಬರೋ ಕೋರ್ ಮಾಡ್ಯೂಲ್‌ನವರೂ ನನ್ನಲ್ಲಿ ಇಲ್ಲ, ಅವರು ಮನೆಯವರು. ಸಿಜಿಐ ಅವರೂ ಹಾಗೇ ಇದ್ರು, 2015ರಲ್ಲಿ ಪರ್ಲ್ 5.22 ಬಂದಾಗ ಹೊರಗೆ ಕಳಿಸಿದ್ರು. ಒಂದು ಕಾಲಕ್ಕೆ ಅರ್ಧ ವೆಬ್ಬನ್ನೇ ಹೊತ್ತವರು, ಪಾಪ. ಒಳಗಿದ್ದಾಗಲೂ ನಾನು ಬರೀಲಿಲ್ಲ, ಹೋದಾಗಲೂ ಬರೀಲಿಲ್ಲ.

ಹಾಗಾದ್ರೆ ಒಬ್ಬರು ಇದ್ದಾರೋ ಇಲ್ವೋ ತಿಳಿಯೋದು ಹೇಗೆ?

ಹೆಸರು ಹಿಡಿದು ಕೂಗಿ. ‘ಪರ್ಲ್ -ಎಂಡಿಬಿಐ -ಇ 1’. ಇದ್ರೆ ಪರ್ಲ್ ತುಟಿಪಿಟಕ್ ಅನ್ನಲ್ಲ. ಇಲ್ದಿದ್ರೆ ಹುಡುಕಿದ ಡೈರೆಕ್ಟರಿಗಳನ್ನೆಲ್ಲ ಒಂದೊಂದಾಗಿ ಒದರುತ್ತೆ. ಹೊಸಬರು ಆ ಮೌನಕ್ಕೇ ಹೆದರಿ ಇನ್ನೊಂದು ಸಲ ಇನ್‌ಸ್ಟಾಲ್ ಮಾಡ್ತಾರೆ. ನನಗೆ ಇನ್ನೊಂದು ಸಾಲು ಬರೆಯೋ ಕೆಲಸ.

ಕಣ್ಣೆದುರೇ ಇರೋ ಮಾಡ್ಯೂಲನ್ನೂ ಇಲ್ಲ ಅಂತು!

ಈಗಿರೋ ಡೈರೆಕ್ಟರಿಯಲ್ಲಿ ಇಟ್ಟಿದ್ರಾ? 2017ರ 5.26ರಿಂದ ಪರ್ಲ್ ಅಲ್ಲಿ ತಾನಾಗಿ ನೋಡೋದು ಬಿಟ್ಟಿದೆ. ಅದೇ ಹೆಸರಲ್ಲಿ ಯಾರೋ ಕಳ್ಳ ಫೈಲ್ ಇಟ್ಟಿದ್ರೆ ಏನ್ ಗತಿ? ಅಂದ್ಹಾಗೆ, ಯಾವ ಪರ್ಲನ್ನ ಕೇಳಿದ್ರಿ? ‘ಪರ್ಲ್‌ಬ್ರೂ’ ಬಳಸೋರ ಯಂತ್ರದಲ್ಲಿ ಹಲವು ಪರ್ಲ್ ಇರಬಹುದು. ಒಂದರ ಮಾಡ್ಯೂಲ್ ಇನ್ನೊಂದಕ್ಕಿಲ್ಲ.

ನಿಮ್ಮ ಹೆಸರಾದ್ರೂ ನಿಮ್ಮ ಪುಸ್ತಕದಲ್ಲಿದೆಯಾ?

ಇಲ್ಲ. ಎಷ್ಟೋ ಯಂತ್ರಗಳಲ್ಲಿ ನಾನು ಹುಟ್ಟಿಯೇ ಇರಲ್ಲ. ಅಲ್ಲಿ ನನ್ನನ್ನು ಕೇಳಿದ್ರೆ ‘ದಾಖಲೆ ಸಿಗಲಿಲ್ಲ’ ಅಂತಾರೆ. ಅದನ್ನ ನೋಡಿ ಮಾಡ್ಯೂಲೇ ಇಲ್ಲ ಅಂತ ವರದಿ ಬರೆದುಬಿಟ್ಟೀರಿ, ನೂರಾರು ಕೋರ್ ಮಾಡ್ಯೂಲ್‌ಗಳು ಒಳಗೇ ಕೂತಿರುತ್ವೆ.

ನಾವು ಬಂದು ಹೋಗಿದ್ದನ್ನಾದ್ರೂ ಬರ್ಕೋತೀರಾ?

ಮೇಕ್ ಇನ್‌ಸ್ಟಾಲ್ ಕೊಟ್ಟಿದ್ರಾ?

ಇಲ್ಲ.

ಹಾಗಾದ್ರೆ ನೀವು ಬಂದೇ ಇಲ್ಲ.