ಪದುಮಳ ರಾಯರು

ಪ್ರೇಮಕವಿ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡ್ತಾರಲ್ಲ ಅಕ್ಕಾ, ಅದು ನನಗೆ ಸರಿ ಕಾಣೋದಿಲ್ಲ. ಪ್ರೇಮದ ಮೇಲೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕೆ.ಎಸ್. ನರಸಿಂಹಸ್ವಾಮಿಯವರು ಬರೆದದ್ದು ಮದುವೆಯಾದ ಮೇಲಿನ ಕಥೆ. ಕೈಹಿಡಿದವಳ ಮೇಲೆ, ಅದೂ ತವರಿಗೆ ಹೋಗಿ ಕೂತವಳ ಮೇಲೆ, ಹಾಗೆ ಪದ್ಯ ಕಟ್ಟಿದ ಗಂಡ ಇನ್ನೊಬ್ಬರನ್ನ ತೋರಿಸಿ ನೋಡೋಣ. ಬಟ್ಟೆ ಆಮೇಲೆ ಹರವಿದರಾಯ್ತು, ಬಿಸಿಲು ಇನ್ನೂ ಇದೆ. ಸ್ವಲ್ಪ ಕೇಳಿ.

ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ, 1915ರ ಜನವರಿ 26. ಓದಿದ್ದು ಮೈಸೂರಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ; ಡಿಗ್ರಿ ಮುಗೀಲಿಲ್ಲ. 1936ರಲ್ಲಿ ತಿಪಟೂರಿನ ವೆಂಕಮ್ಮನವರ ಜೊತೆ ಮದುವೆ. ಸಂಸಾರ ಅಂತ ಆಯ್ತಲ್ಲ, ಮಾರನೇ ವರ್ಷವೇ ಸರ್ಕಾರಿ ಗುಮಾಸ್ತಿಕೆ. ಮೈಸೂರು, ನಂಜನಗೂಡು, ಬೆಂಗಳೂರು ಅಂತ ವರ್ಗ ಆದ ಕಡೆಗೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿ, 1970ರಲ್ಲಿ ಗೃಹಮಂಡಳಿಯಿಂದ ನಿವೃತ್ತರಾದರು. ಗುಮಾಸ್ತರ ಸಂಬಳದ ಮನೆ ಹೇಗೆ ನಡೀತಿತ್ತು ಅಂತ ನಮ್ಮ ನಿಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದನೇ ತಾರೀಖು ಬಂದದ್ದು ದಿನಸಿಯವನಿಗೆ, ಹಾಲಿನವನಿಗೆ, ಬಾಡಿಗೆಗೆ ಅಂತ ಹೋಗಿ, ಹದಿನೈದಕ್ಕೆ ಕೈ ಬರಿದು. ಅಂಥ ಸಂಸಾರದ ಒಳಗೆ ಕೂತು ಬರೆದದ್ದು ಅವೆಲ್ಲ.

ಅವರ ಪದ್ಯಗಳ ಪುಸ್ತಕ ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲಿ. ಅವರಿಗೆ ಆಗ 27 ವರ್ಷ. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಚಲೇಜಾವ್ ಚಳವಳಿ, ಪದಾರ್ಥಗಳಿಗೆಲ್ಲ ತತ್ವಾರ. ಆ ಕಾಲದ ಮನೆಗಳನ್ನ ನೆನೆಸಿಕೊಳ್ಳಿ ಅಕ್ಕಾ. ದೊಡ್ಡವರ ಎದುರಿಗೆ ಗಂಡ ಹೆಂಡತಿಯನ್ನ ಹೆಸರು ಹಿಡಿದು ಕರೆಯೋ ಹಾಗಿರಲಿಲ್ಲ. ‘ಲೇ’, ‘ಇವಳೇ’, ‘ಎಲ್ಲಿದ್ದೀಯೇ’, ಅಷ್ಟೇ. ನಮ್ಮ ಅಜ್ಜಿಯ ಹೆಸರು ನಮ್ಮ ತಾತನ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಅಂಥ ಕಾಲದಲ್ಲಿ ಈ ಹುಡುಗ ಹೆಂಡತಿಗೆ ಪದುಮ ಅಂತ ಹೆಸರಿಟ್ಟು, ಅವಳಿಗೊಂದು ಊರು ಕೊಟ್ಟು, ತಾಯಿತಂದೆ, ತಂಗಿ ಎಲ್ಲರನ್ನೂ ಪದ್ಯಕ್ಕೆ ಕರೆತಂದ.

ಪದುಮಳ ಗಂಡ ರಾಯರು ಮಾವನ ಮನೆಗೆ ಬರೋ ಆ ಪದ್ಯವನ್ನೇ ತಗೊಳ್ಳಿ. ಬೆಳದಿಂಗಳ ರಾತ್ರಿ, ರಾಯರು ದೂರದಿಂದ ಬರ್ತಾರೆ. ಕಾಲಿಗೆ ಬಿಸಿನೀರು, ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ, ಮೆತ್ತನೆ ಹಾಸಿಗೆ. ಅಳಿಯನಿಗೆ ಯಾವ ಉಪಚಾರಕ್ಕೂ ಕಮ್ಮಿ ಇಲ್ಲ. ಅವರಿಗೆ ಬೇಕಾದವಳು ಮಾತ್ರ ಕಾಣ್ತಿಲ್ಲ. ಯಾಕೆ ಅಂತ ಪದ್ಯ ಬಾಯಿಬಿಟ್ಟು ಹೇಳೋದಿಲ್ಲ. ಅವಳು ಹೊರಗೆ ಕೂತಿದ್ದಾಳೆ ಅಂತ ಹೆಂಗಸರಿಗೆಲ್ಲ ಗೊತ್ತಾಗಿಬಿಡುತ್ತೆ. ಬೆಳಗ್ಗೆ ಮುನಿಸಿಕೊಂಡು ಹೊರಡ್ತೀನಿ ಅಂತ ರಾಯರು ಎದ್ದಾಗ ಅವಳ ಸ್ನಾನಕ್ಕೆ ನೀರು ಕಾದಿರುತ್ತೆ. ಹೆಂಗಸರ ಮನೆಯೊಳಗಿನ ಆ ಒಂದು ಸಂಗತಿಯನ್ನ ಅಷ್ಟು ಮರ್ಯಾದೆಯಿಂದ, ಅಷ್ಟು ಅಕ್ಕರೆಯಿಂದ ಮುಟ್ಟಿದ ಗಂಡಸಿನ ಪದ್ಯ ನಾನು ಬೇರೆ ನೋಡಿಲ್ಲ.

ನನಗೆ ಅದಕ್ಕಿಂತಲೂ ಹತ್ತಿರದ್ದು ಬಳೆಗಾರ ಚೆನ್ನಯ್ಯನ ಪದ್ಯ. ಮಾವನ ಮೇಲೆ ಸಿಟ್ಟು ಮಾಡಿಕೊಂಡು ಗಂಡ ಇಲ್ಲಿ ಕೂತಿದ್ದಾನೆ, ಹೆಂಡತಿ ತವರೂರು ನವಿಲೂರಲ್ಲಿ ಸೊರಗ್ತಿದ್ದಾಳೆ. ಬಳೆ ಮಲಾರ ಹೊತ್ತು ಊರೂರು ತಿರುಗೋ ಚೆನ್ನಯ್ಯ ಬಾಗಿಲಿಗೆ ಬಂದು, ಕೈಮುಗಿದುಕೊಂಡೇ ಗಂಡನಿಗೆ ಬುದ್ಧಿ ಹೇಳ್ತಾನೆ: ತಂದೆಯ ತಪ್ಪಿಗೆ ಮಗಳನ್ನ ಯಾಕೆ ನೋಯಿಸ್ತೀರಿ, ಒಂದು ಸಲ ಹೋಗಿ ಬನ್ನಿ ಅಂತ. ಪದ್ಯದ ಉದ್ದಕ್ಕೂ ಮಾತು ಬಳೆಗಾರನದೇ, ಗಂಡನದು ಒಂದು ಸೊಲ್ಲೂ ಇಲ್ಲ. ಗಂಡಸಾದವನೇ ಬರೆದ ಪದ್ಯದಲ್ಲಿ ಗಂಡ ಬಾಯಿಮುಚ್ಚಿಕೊಂಡು ಹೇಳಿಸಿಕೊಳ್ತಾನೆ ಅಂದರೆ, ಬರೆದವರ ಮನಸ್ಸು ಎಂಥದ್ದು ಅಂತ ಅದರಲ್ಲೇ ತಿಳೀತದೆ. ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಅಪ್ಪನಿಗೂ ಗಂಡನಿಗೂ ಆಗದೆ ಬಾಣಂತನ ಮುಗಿಸಿ ವರ್ಷಗಟ್ಟಲೆ ತವರಲ್ಲೇ ಉಳಿದರು! ಅವರ ಪಾಲಿಗೆ ಒಬ್ಬ ಚೆನ್ನಯ್ಯ ಇರಲಿಲ್ಲ.

ಹೌದು, ಹೂವು ಹೆಣ್ಣು ಬಿಟ್ಟರೆ ಇನ್ನೇನಿದೆ ಅಂತ ಅಂದವರು ಇದ್ದರು. ನವ್ಯ ಕಾವ್ಯ ಬಂದಾಗ ಆ ಮಾತು ಜಾಸ್ತಿಯೇ ಆಯ್ತು. ನರಸಿಂಹಸ್ವಾಮಿಯವರು ಯಾರ ಜೊತೆಗೂ ಜಗಳಕ್ಕೆ ನಿಲ್ಲದೆ 1958ರಲ್ಲಿ ‘ಶಿಲಾಲತೆ’ ಕೊಟ್ಟರು. ಅದರ ನಡಿಗೆಯೇ ಬೇರೆ. ಎರಡು ವರ್ಷ ಬಿಟ್ಟು ‘ಮನೆಯಿಂದ ಮನೆಗೆ’. ಬಾಡಿಗೆ ಮನೆಯಲ್ಲಿ ಬಾಳಿದವರಿಗೆ ಆ ಹೆಸರು ಸಾಕು. ‘ತೆರೆದ ಬಾಗಿಲು’ ಆಮೇಲಿನದ್ದು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಜನ ‘ಮಲ್ಲಿಗೆ’ಯನ್ನ ಬಿಟ್ಟು ಕದಲಲಿಲ್ಲ. ಅಶ್ವತ್ಥ್ ಅವರು ಹಾಡಿದರು, ಕ್ಯಾಸೆಟ್ಟು ಮನೆಮನೆ ಸೇರಿತು. ನಾಗಾಭರಣರ ಸಿನಿಮಾ ಬಂತು. ಪುಸ್ತಕ ಬಂದು ಐವತ್ತು ವರ್ಷ ಆಗೋ ಹೊತ್ತಿಗೆ ಅದೇ ಹಾಡುಗಳಿಗೆ ರಾಷ್ಟ್ರಪ್ರಶಸ್ತಿ.

ತಂದೆಯಾಗಿ ಅವರನ್ನ ನೆನೆಯೋರು ಕಮ್ಮಿ. ನೀವು ಮಗುವನ್ನ ತೊಡೆ ಮೇಲೆ ಹಾಕಿಕೊಂಡು ತಟ್ಟುತ್ತಾ, ನಿದ್ದೆ ಕಳ್ಳನ ಹಾಗೆ ಬರುತ್ತೆ ಸುಮ್ಮನಿರು ಅಂತ ಒಂದು ಜೋಗುಳ ಗುನುಗ್ತೀರಲ್ಲ, ಅದು ಯಾರದ್ದು ಅಂದ್ಕೊಂಡಿದ್ದೀರಿ? ಅವರದ್ದೇ. ಹಳೇ ಕಾಲದ ಹಾಡು, ಅಜ್ಜಿಯಿಂದ ಬಂದದ್ದು ಅಂತ ನೀವು ಅಂದ್ಕೊಂಡಿದ್ದರೆ ಅದರಲ್ಲಿ ತಪ್ಪೇನಿಲ್ಲ, ಕನ್ನಡದ ಅರ್ಧ ಜನ ಹಾಗೇ ಅಂದ್ಕೊಂಡಿದ್ದಾರೆ. ತೊಟ್ಟಿಲ ಪಕ್ಕ ಕೂತು ಕಾದವರಿಗಲ್ಲದೆ ಆ ಲಯ ಕೈಗೆ ಸಿಗೋದಿಲ್ಲ ಅಕ್ಕಾ. ನಿದ್ದೆ ಹತ್ತೋ ಮುಂಚೆ ಮಗು ಹೊರಳೋದು, ಕಣ್ಣು ಅತ್ತಿತ್ತ ಆಡಿಸೋದು, ಅದನ್ನೆಲ್ಲ ನೋಡಿದ ಅಪ್ಪ ಬೇಕು. ಆಫೀಸಿಂದ ಬಂದು ‘ಮಗು ಅಳ್ತಿದೆ, ಎತ್ತಿಕೊಳ್ಳೇ’ ಅಂತ ಪೇಪರ್ ಹಿಡಿದವರಿಂದ ಅದು ಆಗೋ ಕೆಲಸವಲ್ಲ.

ಎಂಬತ್ತು ದಾಟಿದ ಮೇಲೂ ಬರವಣಿಗೆ ನಿಲ್ಲಲಿಲ್ಲ. ‘ನವಿಲದನಿ’, ‘ಸಂಜೆ ಹಾಡು’, ‘ಕೈಮರದ ನೆಳಲಲ್ಲಿ’ ಒಂದರ ಹಿಂದೆ ಒಂದು ಬಂದವು. 2003ರ ಡಿಸೆಂಬರ್ ಕೊನೆಯ ವಾರದಲ್ಲಿ ತೀರಿಕೊಂಡಾಗ 88 ವರ್ಷ. 1936ರಿಂದ ಲೆಕ್ಕ ಹಾಕಿ: ಅರವತ್ತೇಳು ವರ್ಷದ ದಾಂಪತ್ಯ. ಇಪ್ಪತ್ತೇಳರ ಹುಡುಗ ಹೆಂಡತಿಯನ್ನ ಕಂಡು ಹಿಗ್ಗೋದು ದೊಡ್ಡದಲ್ಲ. ಅವಳ ತಲೆ ನರೆತು, ಮಕ್ಕಳು ದೊಡ್ಡವರಾಗಿ, ಔಷಧಿ ಸೀಸೆಗಳು ಕಿಟಕಿಗೆ ಬಂದು ಕೂತ ಮೇಲೂ ಅದೇ ಜೀವದ ಜೊತೆ ಮಾತು ಮುಗಿಯದೆ ಇರೋದು ದೊಡ್ಡದು. ಅವರ ಹೆಸರು ತೆಗೆದಾಗಲೆಲ್ಲ ನಾನು ಕೈಮುಗಿಯೋದು ಅದಕ್ಕೆ.

ನಿಮ್ಮ ಮೊಮ್ಮಗಳ ಮದುವೆ ಮಾಘದಲ್ಲಿ ಅಂದ್ರಲ್ಲ? ‘ಮೈಸೂರ ಮಲ್ಲಿಗೆ’ ಉಡುಗೊರೆ ಕೊಡೋರು ಇದ್ದೇ ಇರ್ತಾರೆ, ಅದು ನಮ್ಮ ಕಡೆ ಮೊದಲಿಂದ ಬಂದ ವಾಡಿಕೆ. ನಾನು ಅವಳಿಗೆ ‘ತೆರೆದ ಬಾಗಿಲು’ ಕೊಡ್ತೀನಿ. ಈಗಲೇ ಓದದಿದ್ದರೂ ಪರವಾಗಿಲ್ಲ, ಬೀರುವಿನಲ್ಲಿ ಇಟ್ಟಿರಲಿ ಅಂತ ಹೇಳಿ.