ಸಾವಯವ ವೈನಿಗೂ ಮೈಲುತುತ್ತ

ಸಾವಯವ ಅಂದ ಕೂಡಲೇ ನಮ್ಮ ಜನ ಔಷಧಿ ಮುಟ್ಟಿಸದ ಬೆಳೆ ಅಂತ ತಿಳ್ಕೊಂಡುಬಿಡ್ತಾರೆ. ಎಲ್ಲಿಯ ಮಾತು! ಫ್ರಾನ್ಸಿನಲ್ಲಿ 'ಎಬಿ' ಎಂಬ ಸಾವಯವ ಮುದ್ರೆ ಹೊತ್ತು ಬರುವ ಬಿಳಿ ವೈನಿನ ತೋಟಕ್ಕೂ ಮೈಲುತುತ್ತ, ಸುಣ್ಣ ಬೀಳುತ್ತೆ ಸ್ವಾಮಿ. ಮಲೆನಾಡಿನಲ್ಲಿ ಮಳೆ ಹಿಡಿಯೋ ಮೊದಲು ಅಡಿಕೆ ಕೊನೆಗೆ ಹೊಡೀತೀವಲ್ಲ, ಅದೇ ಬೋರ್ಡೋ ದ್ರಾವಣ.

ಅದು ಹುಟ್ಟಿದ್ದೇ ಅವರಲ್ಲಿ. ಬೋರ್ಡೋ ಪಟ್ಟಣದ ಪಕ್ಕದ ಮೆಡಾಕ್‌ನಲ್ಲಿ ದಾರಿಹೋಕರು ದ್ರಾಕ್ಷಿ ಕೀಳ್ತಾರೆ ಅಂತ ರಸ್ತೆ ಬದಿಯ ಸಾಲಿಗೆ ಈ ನೀಲಿ ನೀರು ಎರಚಿದ್ದರಂತೆ. ನೋಡಿದವರು ವಿಷ ಅಂದ್ಕೊಂಡು ಕೈ ಹಾಕಬಾರದು, ಅಷ್ಟೇ ಉದ್ದೇಶ. ಬೂಜುರೋಗ ಬಂದಾಗ ಉಳಿದದ್ದು ಆ ಸಾಲಿನ ಎಲೆಗಳೇ. ಮಿಯಾರ್ದೆ ಎಂಬ ಸಸ್ಯವಿಜ್ಞಾನಿ ಇದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ. ಕೃಷಿವಿಜ್ಞಾನಿ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನಕ್ಕೆ ಬಂದು ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹಿಡಿಸಿದರು. ಅಲ್ಲಿಯ ದ್ರಾಕ್ಷಿ ಕಳ್ಳರ ದಯೆಯಿಂದ ನಮ್ಮ ಅಡಿಕೆ ಉಳೀತು ಅನ್ನಿ! ಯುರೋಪಿನ ಸಾವಯವದವರಿಗೆ ಈಗ ತಾಮ್ರಕ್ಕೆ ಮಿತಿ ಇದೆ: ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ. ಮಣ್ಣಿನಲ್ಲಿ ಸೇರಿದ ತಾಮ್ರ ಕರಗಿ ಹೋಗೋದಿಲ್ಲ ನೋಡಿ.

ಇಷ್ಟೆಲ್ಲ ಹೇಳಿದ್ದು ಲುವಾರ್ ನದಿಯ ದಂಡೆಯ ಸಾವೆನ್ಯೇರ್ ವೈನಿನ ಸಲುವಾಗಿ. ಆಂಜೆ ಪಟ್ಟಣದ ಹತ್ತಿರದ ಆ ಊರಲ್ಲಿ ಕುಲೇ ದ ಸೆರಾಂ ಅಂತ ಒಂದು ತೋಟ. ಹದಿನೇಳು ಎಕರೆ ಆದೀತು. 12ನೇ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಬಳ್ಳಿ ಊರಿದ ಜಾಗ. ನಿಕೊಲಾ ಜೋಲಿ ಎಂಬಾತ ಬ್ಯಾಂಕಿನ ನೌಕರಿ ಬಿಟ್ಟು ಬಂದು ಎಂಬತ್ತರ ದಶಕದಲ್ಲಿ ಇಡೀ ತೋಟವನ್ನು ಬಯೋಡೈನಮಿಕ್ ಎಂಬ ಸಾವಯವ ಪದ್ಧತಿಗೆ ತಿರುಗಿಸಿದ. ಕುದುರೆ ಉಳುಮೆ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ಆಮೇಲೆ ತೆಗೆದು, ಒಂದು ಹಿಡಿಯನ್ನು ನೀರಲ್ಲಿ ಒಂದು ಗಂಟೆ ತಿರುವಿ ಸಿಂಪಡಿಸೋದು. ಕೊಂಬಿನ ಮಹಿಮೆಯನ್ನು ನಾನಂತೂ ನಂಬೋದಿಲ್ಲ. ಆದರೆ ಅಷ್ಟು ಗೀಳು ಹಿಡಿದವನು ಬಳ್ಳಿಬಳ್ಳಿಯನ್ನೂ ಮುಟ್ಟಿ ನೋಡ್ತಾನಲ್ಲ, ಆ ಉಪಚಾರ ಸುಳ್ಳಲ್ಲ.

ಹಣ್ಣು ಶೆನಿನ್ ಬ್ಲಾಂ, ನಮ್ಮ ನಾಸಿಕದಲ್ಲೂ ಬೆಳೆಯೋ ಜಾತಿ. ನಾಸಿಕದ್ದು ಬೇಸಿಗೆಗೆ ಗಟಗಟ ಇಳಿಯೋ ಹಗುರ ವೈನು. ಜೋಲಿ ತೋಟದ ವೈನಿನ ಖದರೇ ಬೇರೆ. ಬಣ್ಣ ಹೊಸ ಜೇನಿನದು, ಮೂಗಿಗೆ ಜೇನುಮೇಣದ ವಾಸನೆ, ಬಾಯಿಗಿಟ್ಟರೆ ಸಿಹಿಯ ಸುಳಿವೇ ಇಲ್ಲ! ಹುಳಿ ನಾಲಿಗೆಯ ಅಂಚು ಹಿಡಿದು ಹೊರಟು, ಕೊನೆಗೆ ಮಾವಿನ ಓಟೆ ಚೀಪಿದಂಥ ಒಂದು ಸಣ್ಣ ಒಗರು ಬಿಟ್ಟು ಹೋಗುತ್ತೆ. ಗುಟುಕು ಇಳಿದ ಎಷ್ಟೋ ಹೊತ್ತಿನವರೆಗೂ ಅದು ಹೋಗಲ್ಲ. ತಂಗಾಳಿಗೆ ಕೂತು ಗಂಟೆಗೊಂದು ಸಲ ಮೂಸಿ ನೋಡಿ, ವಾಸನೆ ಬದಲಾಗ್ತಾ ಹೋಗುತ್ತೆ. ಹಿಂದಿನ ದಿನವೇ ಬಿರಡೆ ತೆಗೆದಿಡಿ ಅಂತ ಜೋಲಿ ಹೇಳೋದು ಸುಮ್ಮನೆ ಅಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಸಾವಯವದಲ್ಲಿ ಗಂಧಕವೇ ಇಲ್ಲ ಅನ್ನೋದು. ಇರುತ್ತೆ. ಸಿಹಿಯಿಲ್ಲದ ಬಿಳಿ ವೈನಿಗೆ ಲೀಟರಿಗೆ 150 ಮಿಲಿಗ್ರಾಂವರೆಗೆ, ಮಾಮೂಲಿಯದಕ್ಕಾದರೆ 200. ಮುದ್ರೆ ನೋಡಿ ತಲೆನೋವು ಬರಲ್ಲ ಅಂತ ಇಡೀ ಬಾಟ್ಲಿ ಮುಗಿಸೋರಿಗೆ ಬೆಳಿಗ್ಗೆ ಉತ್ತರ ಸಿಗುತ್ತೆ.

ಜೋಲಿಯ ವೈನಿನ ಬೆಲೆ ಜೋರು, ಒಪ್ಪಿದೆ. ಅದೇ ಊರಿನ ಬೇರೆ ತೋಟದವರ ಸಾವೆನ್ಯೇರ್ ಕಡಿಮೆಗೆ ಸಿಗುತ್ತೆ, ಅದೂ ಸೊಗಸೇ. ಯಾರಾದರೂ ತಂದುಕೊಟ್ಟರೆ ಬಡಿಸೋ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ. ಐಸ್ ಮಾತ್ರ ಹಾಕಬೇಡಿ ಮಾರಾಯ್ರೇ.