ಲಕೋಟೆ ತೆರೆಯುವಾಗ ಮುರಿಯಿತು

ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸಕ್ಕಿರುವ, ಸಾಗರದ ಕಡೆಯ ಎಂಜಿನಿಯರೊಬ್ಬರ ಪ್ಯಾಂಟಿನ ಜೇಬೇ ಈ ಮಡಚುವ ಚಾಕುವಿನ ಖಾಯಂ ವಿಳಾಸ. ಅಲಗು ಮೂರು ಇಂಚು, ಹುಟ್ಟಿದ್ದು ಅಮೆರಿಕದಲ್ಲೇ. ಯಜಮಾನರ ತಂದೆ ಬಂದು ಆರು ತಿಂಗಳು ಇದ್ದುದರ ಫಲವಾಗಿ ಆರೋಗ್ಯ ಕೆಟ್ಟು, ವಾರಂಟಿಯ ಮೇಲೆ ಕಂಪನಿಗೆ ಹೋಗಿ, ಈಗಷ್ಟೇ ವಾಪಸಾಗಿದೆ. ಮಲೆನಾಡಿನವರ ಸಹವಾಸದಿಂದ ಕನ್ನಡ ಸರಾಗ. ಕಂಪನಿಯ ಹೆಸರು ಬರೆಯಬಾರದೆಂಬ ಷರತ್ತು ಹಾಕಿ ಮಾತಿಗೆ ಕೂತಿತು.

ಹೇಗಿದ್ದೀರಿ?

ಮೊನೆ ಒಂಚೂರು ಕಡಿಮೆ. ಉಳಿದಂತೆ ಆರಾಮ.

ಆದದ್ದಾದರೂ ಏನು?

ಮೂರು ಕಾಯಿಲೆ ಒಟ್ಟಿಗೇ ಅಮರಿಕೊಂಡವು. ಒಂದು, ಅಲುಗಾಟ. ನನ್ನ ಅಲಗು ಕೀಲಿನ ಸ್ಕ್ರೂ ಒಂದರ ಮೇಲೆ ತಿರುಗುತ್ತದೆ. ಅದು ಸಡಿಲವಾದರೆ ಅಲಗು ಎಡಕ್ಕೂ ಬಲಕ್ಕೂ ಆಡತೊಡಗುತ್ತದೆ, ಆರು ವರ್ಷದ ಮಗುವಿನ ಹಲ್ಲಿನ ಹಾಗೆ. ಎರಡು, ಬೀಗ. ಹಿಡಿಯೊಳಗೆ ತೆಳು ಉಕ್ಕಿನ ಪಟ್ಟಿಯೊಂದಿದೆ. ಅಲಗು ಪೂರ್ತಿ ತೆರೆದ ಕೂಡಲೇ ಅದು ಚಿಮ್ಮಿ ಬಂದು ಬುಡಕ್ಕೆ ಅಡ್ಡ ನಿಲ್ಲಬೇಕು. ನಿಲ್ಲದಿದ್ದರೆ ಕೊಯ್ಯುತ್ತಿರುವಾಗಲೇ ಮಡಚಿಕೊಂಡು ಕೊಯ್ಯುವವರ ಬೆರಳಿನ ಮೇಲೇ ಬೀಳುತ್ತೇನೆ. ಆ ಸಂದಿಯಲ್ಲಿ ಮೇಣ ತುಂಬಿತ್ತು. ಮೂರನೆಯದು ಮೊನೆ.

ಯಾವ ಮೇಣ?

ಹಲಸಿನದು ಮಾರಾಯ್ರೆ! ಏಷ್ಯಾದವರ ಅಂಗಡಿಯೊಂದರಲ್ಲಿ ಅಪ್ಪಯ್ಯನ ಕಣ್ಣಿಗೆ ಇಡೀ ಹಲಸಿನಹಣ್ಣು ಬಿತ್ತು. ಮನೆಯಲ್ಲಿ ಕತ್ತಿಯಿಲ್ಲ, ಈಳಿಗೆಮಣೆಯಿಲ್ಲ, ಇದ್ದವನು ನಾನೊಬ್ಬ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರು, ನನಗೂ ಸವರಿದರು. ಅನುಭವಸ್ಥರು. ಆದರೆ ಸವರಿದ್ದು ಅಲಗಿಗೆ ಮಾತ್ರ. ಇಷ್ಟೆಲ್ಲ ಕೀಲು ಸಂದಿಗಳಿರುವ ಚಾಕುವನ್ನು ಅವರು ಕಂಡವರಲ್ಲ. ಮಾರನೆಯ ದಿನ ತೆಂಗಿನಕಾಯಿ. ಗರಟೆಯಿಂದ ಕಾಯಿ ಎಬ್ಬಿಸಲು ನನ್ನ ಮೊನೆ ತೂರಿಸಿ ಮೀಟಿದರು. ಟಪ್ಪೆಂದಿತು. ಚಾಕು ಇರುವುದು ಕೊಯ್ಯಲು, ಮೀಟಲು ಅಲ್ಲ ಎಂದು ನನ್ನ ಪೆಟ್ಟಿಗೆಯ ಚೀಟಿಯಲ್ಲಿ ಬರೆದಿತ್ತು. ಅಪ್ಪಯ್ಯ ಚೀಟಿ ಓದಿರಲಿಲ್ಲ. ಯಜಮಾನರೂ ಓದಿರಲಿಲ್ಲ ಬಿಡಿ.

ಚಾಕುವಿಗೆ ಬೀಗ ಯಾಕೆ ಬೇಕಿತ್ತು?

ಅಪ್ಪಯ್ಯನೂ ಇದನ್ನೇ ಕೇಳಿದರು. ನಮ್ಮ ಕುಲ ಬೀಗವಿಲ್ಲದೆಯೇ ಬಹಳ ಕಾಲ ಬಾಳಿದೆ. ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಒದಗಿಸಿದ ಚಾಕುವಿಗೆ ಬೀಗವಿರಲಿಲ್ಲ, ಬರೀ ಬೆನ್ನಿನ ಸ್ಪ್ರಿಂಗು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ಉಂಗುರದ ಬೀಗ ಬಂದದ್ದೂ 1955ರಲ್ಲಿ, ಅದು ಹುಟ್ಟಿ ಅರವತ್ತು ವರ್ಷ ದಾಟಿದ ಮೇಲೆ. ಬೀಗ ಬಂದು ಬೆರಳುಗಳು ಉಳಿದವು, ಅಲ್ಲವೆನ್ನಲಾರೆ. ಜೊತೆಗೆ ಕೆಡುವ ಜಾಗವೂ ಒಂದು ಹೆಚ್ಚಾಯಿತು.

ಸ್ಕ್ರೂ ತಾನೇ, ಮನೆಯಲ್ಲೇ ಬಿಗಿ ಮಾಡಬಹುದಿತ್ತಲ್ಲ?

ನಿಮ್ಮ ಮಾಮೂಲಿ ಸ್ಕ್ರೂಡ್ರೈವರಿಗೆ ಅದು ಬಗ್ಗುವುದಿಲ್ಲ. ಆರು ಮೂಲೆಯ ನಕ್ಷತ್ರದ ತಲೆ, ಸಡಿಲವಾಗದಿರಲೆಂದು ಎಳೆಗಳಿಗೆ ಅಂಟು ಬೇರೆ. ಅದಕ್ಕೆ ಬೇಕಾದ ಕೀಲಿ ಯಜಮಾನರ ಬಳಿ ಇತ್ತು ಅನ್ನಿ. ಆದರೆ ಬಿಚ್ಚಿದರೆ ವಾರಂಟಿ ಹೋಯಿತು ಎಂದು ಅದೇ ಚೀಟಿ ಹೆದರಿಸುತ್ತಿತ್ತು. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ಪುಕ್ಕಟೆ ಮಾಡಿಕೊಡದೆ, ನಮ್ಮಲ್ಲೇ ರಿಪೇರಿ ಮಾಡಿಸು, ಇಲ್ಲದಿದ್ದರೆ ವಾರಂಟಿ ಇಲ್ಲ ಎಂದು ಕಂಪನಿ ಹೇಳುವಂತಿಲ್ಲ. 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕಾರು, ಫೋನು, ವಿಡಿಯೊ ಗೇಮು ಮಾರುವ ಆರು ಕಂಪನಿಗಳಿಗೆ ಈ ವಿಷಯದಲ್ಲಿ ಎಚ್ಚರಿಕೆ ಪತ್ರವನ್ನೇ ಬರೆಯಿತು. ಆದರೂ ನೀವು ಬಿಚ್ಚಿದ್ದರಿಂದಲೇ ಕೆಟ್ಟಿತು ಎಂದು ಕಂಪನಿ ತೋರಿಸಿಕೊಟ್ಟರೆ ನಿಮ್ಮ ಕೈಗೆ ಚಿಪ್ಪು. ಯಜಮಾನರು ಕೀಲಿಯನ್ನು ಡ್ರಾಯರಿಗೆ ಹಾಕಿ ಪೋಸ್ಟಾಫೀಸಿಗೆ ಹೊರಟರು. ಹೋಗುವ ಖರ್ಚು ಗಿರಾಕಿಯದ್ದೇ.

ಜೀವಮಾನದ ವಾರಂಟಿ ಎನ್ನುತ್ತಾರಲ್ಲ, ಅದರಲ್ಲಿ ಏನೇನು ಬರುತ್ತದೆ?

ಉಕ್ಕಿನಲ್ಲಿ ದೋಷ, ಕೆಲಸಗಾರಿಕೆಯಲ್ಲಿ ದೋಷ. ಅಷ್ಟೇ. ಸವೆತ ಬರುವುದಿಲ್ಲ. ಮೊಂಡಾದರೆ ಬರುವುದಿಲ್ಲ. ತುಕ್ಕು, ಕಳವು, ಮೀಟಿದ್ದು, ಎಸೆದದ್ದು ಬರುವುದಿಲ್ಲ. ಲೆದರ್‌ಮನ್ 25 ವರ್ಷ ಎನ್ನುತ್ತದೆ, ವಿಕ್ಟೋರಿನಾಕ್ಸ್ ಉಕ್ಕಿಗೂ ಕೆಲಸಗಾರಿಕೆಗೂ ಕಾಲದ ಮಿತಿಯನ್ನೇ ಇಟ್ಟಿಲ್ಲ, ಆದರೆ ಸವೆತ ಎಲ್ಲರ ಬೇಲಿಯ ಆಚೆಗೇ. ಅಂದರೆ ನಾನು ಕೆಲಸ ಮಾಡಿದ್ದಕ್ಕೆ ಆಗುವ ಯಾವುದಕ್ಕೂ ಹೊಣೆಯಿಲ್ಲ. ಬೀರುವಿನಲ್ಲಿ ನಲವತ್ತು ವರ್ಷ ಸುಮ್ಮನೆ ಬಿದ್ದುಕೊಂಡಿದ್ದರೆ ಮಾತ್ರ ನಾನು ಪೂರ್ತಿ ಹಕ್ಕುದಾರ.

ಯಾರ ಜೀವಮಾನ ಅದು? ನಿಮ್ಮದೋ, ಯಜಮಾನರದೋ?

ಅದನ್ನು ಜಾಹೀರಾತಿನಲ್ಲೇ ಬಿಡಿಸಿ ಹೇಳಿ ಎಂದು ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯೇ ಇದೆ. ಅವರು ಕೊಟ್ಟ ಉದಾಹರಣೆ ಕಾರಿನ ಬಿಡಿಭಾಗದ್ದು. ಚಾಕುಗಳಿಗೆ ಅಷ್ಟು ಕೀರ್ತಿ ಎಲ್ಲಿ.

ಅರ್ಜಿಯಲ್ಲಿ ನಿಜ ಬರೆದರೇ?

(ಚಾಕು ಸ್ವಲ್ಪ ಹೊತ್ತು ಬಾಯಿ ಬಿಡಲಿಲ್ಲ. ಮೇಣ ಹೋಗಿದೆ ಎಂದುಕೊಂಡಿದ್ದೆ.)

'ಏನಾಯಿತು ವಿವರಿಸಿ' ಎಂಬ ಖಾಲಿ ಜಾಗದ ಮುಂದೆ ಯಜಮಾನರು ಸಂಜೆಯೆಲ್ಲ ಕೂತರು. ಅಪ್ಪ ತೆಂಗಿನಕಾಯಿ ಮೀಟಿದರು ಎಂದು ಬರೆದರೆ ಅರ್ಜಿ ಅಲ್ಲೇ ಸತ್ತಿತು. ಕೊನೆಗೆ 'ಹಣ್ಣು ಕೊಯ್ಯುವಾಗ' ಎಂದು ಬರೆದರು. ಹಲಸು ಹಣ್ಣೇ ತಾನೆ. ನಾಲ್ಕೇ ದಿನಕ್ಕೆ ಮೇಲ್ ಬಂತು: ಕೀಲಿನಲ್ಲಿ ಗುರುತು ಸಿಗದ ಅಂಟು ಪದಾರ್ಥ ಕಂಡುಬಂದಿದೆ, ಗಿರಾಕಿಯೇ ಏನಾದರೂ ಅಂಟು ಹಾಕಿದ್ದೀರಾ? ಇವರು ವಿವರಿಸಿದರು. ಆ ಪದಾರ್ಥದ ಸುರಕ್ಷತಾ ಮಾಹಿತಿ ಪತ್ರ ಲಗತ್ತಿಸಿ ಎಂದು ಉತ್ತರ ಬಂತು. ಹಲಸಿನ ಮರಕ್ಕೆ ಅಂಥ ಪತ್ರ ಯಾರು ಕೊಡುತ್ತಾರೆ ಹೇಳಿ! ಅಪ್ಪಯ್ಯ ಊರಿನಿಂದ ಫೋನಿನಲ್ಲಿ ಕಿರುಚಿದರು: 'ಎಣ್ಣೆ ಹಚ್ಚಿ ಬಟ್ಟೇಲಿ ಒರಸಿ ಅಂತ ಬರಿಯೋ!' ಬರೆದರು. ಮೂರು ದಿನ ಮೌನ. ಆಮೇಲೆ 'ಅಂಟು ಪದಾರ್ಥದ ವಿಷಯ ಇತ್ಯರ್ಥವಾಗಿದೆ' ಎಂದಷ್ಟೇ ಬಂತು. ಎಣ್ಣೆಯ ಹೆಸರಿಲ್ಲ.

ಅಲ್ಲಿ ಬೇರೆ ಚಾಕುಗಳೂ ಇದ್ದವೇ?

ದೊಡ್ಡ ವಾರ್ಡೇ ಇತ್ತು. ಒಬ್ಬನನ್ನು ಪಾತ್ರೆ ತೊಳೆಯುವ ಮಿಷನ್ನಿಗೆ ಹಾಕಿದ್ದರು. ಇನ್ನೊಬ್ಬನ ಬೆನ್ನಿಗೆ ಸುತ್ತಿಗೆ ಬಡಿದು ಸೌದೆ ಸೀಳಿದ್ದರು, ಏಟಿನ ಗುರುತು ಎಣಿಸಬಹುದಿತ್ತು. ಮತ್ತೊಬ್ಬ ಪೇಂಟಿನ ಡಬ್ಬದ ಮುಚ್ಚಳ ಎಬ್ಬಿಸಲು ಹೋಗಿ ಸೊಂಟ ಮುರಿದುಕೊಂಡಿದ್ದ. ಮೂವರ ಜೊತೆ ಬಂದ ಚೀಟಿಯಲ್ಲೂ ಒಂದೇ ಸಾಲು: ಲಕೋಟೆ ತೆರೆಯುವಾಗ ಮುರಿಯಿತು. ಕಂಪನಿಯವರನ್ನೇ ಬೈದು ಏನು ಪ್ರಯೋಜನ? ಅಮೆರಿಕದ ಲಕೋಟೆಗಳು ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ತೀರ್ಪು ಏನಾಯಿತು?

ನನ್ನನ್ನು ಬಿಚ್ಚಿ ತೊಳೆದ ಅಜ್ಜ ಒಳ್ಳೆಯ ಕೈಯವನು. ಬೀಗದ ಪಟ್ಟಿ ಸರಿಮಾಡಿದ, ಕೀಲು ಬಿಗಿದ, ಸಾಣೆ ಹಿಡಿದ. ಇಷ್ಟೂ ಪುಕ್ಕಟೆ. ಮೊನೆ ಮಾತ್ರ 'ದುರ್ಬಳಕೆ'. ದುಡ್ಡು ಕಟ್ಟಿದರೆ ಹೊಸ ಅಲಗು, ಹಳೆಯದು ವಾಪಸಿಲ್ಲ ಎಂದರು ಆಫೀಸಿನವರು. ಯಜಮಾನರು ಬೇಡವೆಂದರು. ಆಗ ಆ ಅಜ್ಜ ಯಾರನ್ನೂ ಕೇಳದೆ ಇದ್ದ ಅಲಗನ್ನೇ ಉಜ್ಜಿ ಮೊಟಕು ಮೊನೆ ಮಾಡಿ ಕಳಿಸಿದ. ಅದು ಅರ್ಜಿಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಅಪ್ಪಯ್ಯ ನಿಮ್ಮನ್ನು ಊರಿಗೆ ಒಯ್ಯುವ ಆಸೆಯಲ್ಲಿದ್ದರಂತೆ?

ಕೈಚೀಲದಲ್ಲಿ ವಿಮಾನ ಹತ್ತಲು ಬಿಡುವುದಿಲ್ಲ. 2013ರ ಮಾರ್ಚಿನಲ್ಲಿ ಅಮೆರಿಕದ ವಿಮಾನ ಭದ್ರತೆಯವರು ಬೀಗವಿಲ್ಲದ, 6 ಸೆಂಟಿಮೀಟರು ಮೀರದ ಅಲಗಿನ ಚಾಕುವಾದರೆ ಬಿಡುತ್ತೇವೆ ಎಂದಿದ್ದರು, ವಿಮಾನದ ಸಿಬ್ಬಂದಿ ಗಲಾಟೆ ಮಾಡಿದ ಮೇಲೆ ಜೂನಿನಲ್ಲಿ ಕೈಬಿಟ್ಟರು. ಇಲ್ಲದಿದ್ದರೆ ಇನ್ನು ನಾಲ್ಕೈದು ಸಲ ವಾರಂಟಿಗೆ ಹೋಗಿ ಮೊನೆ ಉಜ್ಜಿಸಿಕೊಂಡು ನಾನೂ ಆ ಅಳತೆಗೆ ಇಳಿಯುತ್ತಿದ್ದೆನೋ ಏನೋ, ಬೀಗವೊಂದು ಅಡ್ಡ ಬರುತ್ತಿತ್ತು.

ಈಗ ಮನೆಯಲ್ಲಿ ಹಣ್ಣು ಕೊಯ್ಯುವವರು ಯಾರು?

ಅಪ್ಪಯ್ಯ ಸಾಗರದ ಪೇಟೆಯಿಂದ ಕೊಂಡು ಕಳಿಸಿಕೊಟ್ಟ ಒಂದು ಚೂರಿ. ಹಿಡಿಗೆ ತಂತಿ ಸುತ್ತಿದೆ. ಅದಕ್ಕೆ ಬೀಗವಿಲ್ಲ, ಚೀಟಿಯಿಲ್ಲ, ಬೆಳಗಿನಿಂದ ಸಂಜೆವರೆಗೆ ಬಿಡುವೂ ಇಲ್ಲ.

ಕೊನೆಯದಾಗಿ, ಅಲಗು ತೆರೆದಿರುವ ಹಾಗೆ ಒಂದು ಫೋಟೊ?

ಯಜಮಾನರನ್ನು ಕೇಳಿ. ರಿಪೇರಿಯಾದ ಬೀಗಕ್ಕೆ ಬೇರೆಯೇ 90 ದಿನದ ವಾರಂಟಿ ಕೊಟ್ಟಿದ್ದಾರೆ. ಅದು ಮುಗಿಯುವವರೆಗೆ ನನ್ನನ್ನು ತೆರೆಯುವ ಹಾಗಿಲ್ಲವಂತೆ.